ಸೂರ್ಯೋದಯದ ಆಚೀಚೆ ಮೀಡಿಯಂ ವೇವ್ ಡಿಎಕ್ಸ್: ಯಾವ ಹೊತ್ತು, ಯಾವ ದಿಕ್ಕು, ಎಂಥ ಆಂಟೆನಾ?

ಹೊಸಕಿವಿ

ರಾತ್ರಿ ಮೀಡಿಯಂ ವೇವ್ ತಿರುಗಿಸಿದರೆ ಒಂದೊಂದು ಚಾನೆಲ್‌ನಲ್ಲೂ ಮೂರು ನಾಲ್ಕು ನಿಲಯಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಯಾವುದೂ ಬಿಡಿಸಿ ಕೇಳುವುದಿಲ್ಲ. ಡಿಎಕ್ಸ್‌ಗೆ, ಅಂದರೆ ದೂರದ ವಿದೇಶಿ ನಿಲಯಗಳನ್ನು ಹಿಡಿಯುವುದಕ್ಕೆ, ಬೆಳಗಿನ ಜಾವವೇ ಒಳ್ಳೆಯದು ಅನ್ನುತ್ತಾರೆ, ಯಾಕೆ ಅಂತ ಯಾರೂ ವಿವರಿಸುವುದಿಲ್ಲ. ಇರುವುದು ಡಿಎಸ್‌ಪಿ (ಸಿಗ್ನಲನ್ನು ಅಂಕಿಗಳಾಗಿ ಸಂಸ್ಕರಿಸುವ) ಚಿಪ್ಪಿನ ಕೈ ರೇಡಿಯೊ, ಎಸ್‌ಎಸ್‌ಬಿ (ಸಿಗ್ನಲ್‌ನ ಒಂದೇ ಪಕ್ಕವನ್ನು ಕೇಳುವ ಸೌಲಭ್ಯ) ಇದೆ. 60 ಸೆಂ.ಮೀ. ಚೌಕದ ಲೂಪ್ (ಚೌಕಟ್ಟಿಗೆ ತಂತಿ ಸುತ್ತಿದ ಆಂಟೆನಾ) ಸುತ್ತುವ ಯೋಚನೆ.

ಎಷ್ಟು ಹೊತ್ತಿಗೆ ಕೂರಬೇಕು? ಯಾವ ದಿಕ್ಕಿಗೆ ಕಿವಿ ಕೊಡಬೇಕು? ಡಯಲ್‌ನ ಯಾವ ತುದಿಯಿಂದ ಶುರು ಮಾಡಬೇಕು?

ನಸುಕುಗೆರೆ

ಮೊದಲು ದಿಕ್ಕು. ಬೆಳಿಗ್ಗೆ ಪಶ್ಚಿಮ, ಸಂಜೆ ಪೂರ್ವ.

ಹಗಲಲ್ಲಿ ಮೀಡಿಯಂ ವೇವ್ ಸಿಗ್ನಲನ್ನು ಹೀರಿಬಿಡುವುದು ಡಿ ಪದರ, ಅಂದರೆ ಬಿಸಿಲಿಗೆ ವಿದ್ಯುದಾವೇಶಗೊಂಡ (ಅಯಾನು ಆದ) ಗಾಳಿಯ ಪದರ, ನೆಲದಿಂದ ಸುಮಾರು 60ರಿಂದ 90 ಕಿ.ಮೀ. ಎತ್ತರದಲ್ಲಿರುವುದು. ಬಿಸಿಲಿದ್ದರೆ ಅದು ಇರುತ್ತದೆ, ಕತ್ತಲಾದರೆ ಬೇಗ ಕರಗುತ್ತದೆ. ಅದು ಕರಗಿದ ಮೇಲೆ ಸಿಗ್ನಲ್ ಇನ್ನೂ ಮೇಲಿನ ಇ, ಎಫ್ ಪದರಗಳವರೆಗೆ ಹೋಗಿ ಬಾಗಿ ನೆಲಕ್ಕಿಳಿಯುತ್ತದೆ. ನಿಮ್ಮಲ್ಲಿ ಬೆಳಗಾಗುವ ಹೊತ್ತಿಗೆ ಪೂರ್ವದ ನಿಲಯಗಳ ಮೇಲೆ ಆಗಲೇ ಬಿಸಿಲು ಬಿದ್ದಿರುತ್ತದೆ, ಅವು ಒಂದೊಂದಾಗಿ ಅಡಗುತ್ತವೆ. ಪಶ್ಚಿಮದವು ಇನ್ನೂ ಕತ್ತಲಲ್ಲಿರುತ್ತವೆ. ರಾತ್ರಿಯಿಡೀ ಕಲಸಿಹೋಗಿದ್ದ ಚಾನೆಲ್‌ನಿಂದ ಪೂರ್ವದ ಪಾಲು ಖಾಲಿಯಾಗುತ್ತದೆ. ಬೆಳಗಿನ ಲಾಭದಲ್ಲಿ ಅರ್ಧ ಇದೇ. ಉಳಿದರ್ಧ, ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ ಪಶ್ಚಿಮದ ಸಿಗ್ನಲ್‌ಗಳೇ ರಾತ್ರಿಯ ಮಟ್ಟಕ್ಕಿಂತ ಮೇಲೇಳುವುದು. ಈ ಏರಿಕೆ ಕೆಲವು ದಿನ ಹತ್ತು ನಿಮಿಷ ಇರುತ್ತದೆ, ಕೆಲವು ದಿನ ಇರುವುದೇ ಇಲ್ಲ.

ಸೂರ್ಯೋದಯಕ್ಕೆ ಒಂದೂವರೆ ಗಂಟೆ ಮುಂಚೆ ಕೂತರೆ ಸಾಕು. ಮೊದಲ ಒಂದು ಗಂಟೆ ಯಾವ ಚಾನೆಲ್‌ನಲ್ಲಿ ಏನಿದೆ ಎಂದು ಗುರುತು ಹಾಕಿಕೊಳ್ಳಲು. ಕೊನೆಯ ಅರ್ಧ ಗಂಟೆಯಲ್ಲಿ ಇಡೀ ಡಯಲ್ ತಿರುಗಿಸುತ್ತ ಕೂರಬಾರದು, ಗುರುತು ಹಾಕಿದ ಐದಾರು ಚಾನೆಲ್‌ಗಳನ್ನೇ ಸುತ್ತಿ ಸುತ್ತಿ ನೋಡಬೇಕು. ಸಮಯವೆಲ್ಲ ಯುಟಿಸಿಯಲ್ಲೇ (ಎಲ್ಲ ದೇಶಕ್ಕೂ ಒಂದೇ ಆದ ಅಂತರರಾಷ್ಟ್ರೀಯ ಕಾಲ) ಬರೆಯಿರಿ. ನಿಮ್ಮ ಸೂರ್ಯೋದಯ, ಆ ನಿಲಯದ ಸೂರ್ಯಾಸ್ತ, ಸೂರ್ಯೋದಯ ಮೂರೂ ಒಂದೇ ಹಾಳೆಯಲ್ಲಿರಲಿ.

ಎರಡು ಉದಾಹರಣೆ: ಚಳಿಗಾಲದಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳಗಾಗುವುದು 1500ರಿಂದ 1600 ಯುಟಿಸಿ ನಡುವೆ. ಆಗ ಟೋಕಿಯೊದಲ್ಲಿ ನಡುರಾತ್ರಿ ಕಳೆದಿರುತ್ತದೆ, ಶಾಂತಸಾಗರದ ದಾರಿಯೆಲ್ಲ ಕತ್ತಲು. ಐರ್ಲೆಂಡ್, ಬ್ರಿಟನ್ ಕಡೆ ಡಿಸೆಂಬರ್ ಕೊನೆಯಲ್ಲಿ ಬೆಳಗಾಗುವುದು 0800 ಯುಟಿಸಿ ದಾಟಿ. ಆಗ ಬಾಸ್ಟನ್‌ನಲ್ಲಿ ಬೆಳಗಿನ ಜಾವ 3 ಗಂಟೆ.

ಹೊಸಕಿವಿ

ಒಂದು ಗೊಂದಲ. ಡಿ ಪದರ ಅಷ್ಟು ಎತ್ತರದಲ್ಲಿದ್ದರೆ ಅಲ್ಲಿಗೆ ನಮಗಿಂತ ಮುಂಚೆಯೇ ಬಿಸಿಲು ಬೀಳಬೇಕಲ್ಲವೇ? ಹಾಗಿದ್ದರೆ ನೆಲದ ಮೇಲೆ ಸೂರ್ಯ ಹುಟ್ಟುವ ಹೊತ್ತಿಗೆ ಆಟ ಮುಗಿದಿರಬೇಕು.

ನಸುಕುಗೆರೆ

ಬಿಸಿಲು ಮುಂಚೆಯೇ ಬೀಳುತ್ತದೆ, ನಿಜ. ಸೂರ್ಯ ದಿಗಂತಕ್ಕಿಂತ 9 ಡಿಗ್ರಿ ಕೆಳಗಿರುವಾಗಲೇ 80 ಕಿ.ಮೀ. ಎತ್ತರಕ್ಕೆ ಬೆಳಕು ತಾಗುತ್ತದೆ. ಭೂಮಧ್ಯರೇಖೆಯ ಬಳಿ ಸೂರ್ಯ ಹೆಚ್ಚುಕಡಿಮೆ ನೇರ ಏರುವುದರಿಂದ, ಗಂಟೆಗೆ 15 ಡಿಗ್ರಿ ಲೆಕ್ಕದಲ್ಲಿ, ಅದು ಸುಮಾರು 36 ನಿಮಿಷ. 60 ಡಿಗ್ರಿ ಅಕ್ಷಾಂಶದಲ್ಲಿ ಸೂರ್ಯ ಓರೆಯಾಗಿ ಏರುತ್ತಾನೆ. ಹಗಲು ರಾತ್ರಿ ಸಮವಾಗಿರುವ ದಿನಗಳಲ್ಲೂ ಅದೇ 9 ಡಿಗ್ರಿಗೆ 70 ನಿಮಿಷ ದಾಟುತ್ತದೆ. ಉತ್ತರದ ದೇಶಗಳವರು ಬೆಳಗಿನ ಡಿಎಕ್ಸ್ ಬಗ್ಗೆ ಗಂಟೆಗಟ್ಟಲೆ ಮಾತಾಡುವುದು, ಭೂಮಧ್ಯರೇಖೆಯ ಹತ್ತಿರದವರು ನಿಮಿಷಗಳಲ್ಲಿ ಮಾತಾಡುವುದು ಇದಕ್ಕೇ.

ಆದರೂ ಆಟ ಮುಗಿಯದಿರಲು ಎರಡು ಕಾರಣಗಳಿವೆ. ಆ ಹೊತ್ತಿನ ಬೆಳಕು ಭೂಮಿಯ ಅಂಚನ್ನು ಸವರಿಕೊಂಡು, ದಟ್ಟ ಗಾಳಿ ಮತ್ತು ಓಝೋನ್ ದಾಟಿ ಬರಬೇಕು. ಅಯಾನು ಮಾಡಬಲ್ಲ ಅತಿನೇರಳೆ ಭಾಗ ದಾರಿಯಲ್ಲೇ ಹೀರಿಹೋಗುತ್ತದೆ. ಸೂರ್ಯ ಇನ್ನಷ್ಟು ಮೇಲೆ ಬಂದ ಮೇಲೇ ಪದರ ಗಟ್ಟಿಯಾಗುವುದು.

ಎರಡನೆಯದು ಇನ್ನೂ ಮುಖ್ಯ: ಸಿಗ್ನಲ್ ನಿಮ್ಮ ನೆತ್ತಿಯ ಮೇಲಿನ ಡಿ ಪದರವನ್ನು ತೂರಿ ಬರುವುದಿಲ್ಲ. ದಿಗಂತದಿಂದ 5 ಡಿಗ್ರಿ ಎತ್ತರದಲ್ಲಿ ಬರುವ ಸಿಗ್ನಲ್ 80 ಕಿ.ಮೀ. ಎತ್ತರವನ್ನು ದಾಟುವುದು ನಿಮ್ಮಿಂದ ಸುಮಾರು 590 ಕಿ.ಮೀ. ಆಚೆ. ನೇರ ಪಶ್ಚಿಮವಾದರೆ, ಭೂಮಧ್ಯರೇಖೆಯ ಬಳಿ, ಆ ಜಾಗಕ್ಕೆ ಬೆಳಕು ನಿಮಗಿಂತ 21 ನಿಮಿಷ ತಡವಾಗಿ ಬರುತ್ತದೆ. 20 ಡಿಗ್ರಿಯಲ್ಲಿ ಬರುವ ಸಿಗ್ನಲ್ ದಾಟುವುದು ಸುಮಾರು 200 ಕಿ.ಮೀ. ಆಚೆ ಮಾತ್ರ, ಅದಕ್ಕೆ ಸಿಗುವುದು ಏಳೆಂಟು ನಿಮಿಷ. ಎತ್ತರದ ಕೋನದಲ್ಲಿ ಬರುವವು ಹತ್ತಿರದ ನಿಲಯಗಳು, ತಗ್ಗು ಕೋನದಲ್ಲಿ ಬರುವವು ದೂರದವು. ಪಶ್ಚಿಮದಲ್ಲೂ ಹತ್ತಿರದವು ಮೊದಲು ಸಾಯುತ್ತವೆ, ದೂರದವು ಕೊನೆಗೆ. ಬೆಳಗು ತಾನಾಗಿಯೇ ದೂರದ ಪ್ರಕಾರ ಜರಡಿ ಹಿಡಿಯುತ್ತದೆ. ಸೂರ್ಯ ಕಂಡ ಕೂಡಲೇ ರೇಡಿಯೊ ಆರಿಸುವವರು ಒಳ್ಳೆಯ ಕಾಲು ಗಂಟೆ ಬಿಟ್ಟುಕೊಟ್ಟ ಹಾಗೆ.

ಸಿಳ್ಳೆಬೇಟೆ

ಪಶ್ಚಿಮ ಮಾತ್ರ ಅನ್ನುವುದನ್ನು ಸ್ವಲ್ಪ ಸಡಿಲಿಸಬೇಕು. ಅಮೆರಿಕದಲ್ಲಿ ಬಹಳಷ್ಟು ನಿಲಯಗಳಿಗೆ ಹಗಲಿಗೊಂದು ಶಕ್ತಿ, ರಾತ್ರಿಗೊಂದು ಶಕ್ತಿ. ಆಂಟೆನಾ ದಿಕ್ಕಿನ ವಿನ್ಯಾಸವೂ ಬೇರೆ. ಬದಲಾವಣೆಯ ಗಳಿಗೆ ಅವರ ಊರಿನ ಸೂರ್ಯೋದಯ, ತಿಂಗಳಿಗೊಂದರಂತೆ ಕಾಲು ಗಂಟೆಗೆ ಸರಿಹೊಂದಿಸಿ ಪರವಾನಗಿಯಲ್ಲೇ ಬರೆದಿರುತ್ತದೆ. ಕೆಲವಕ್ಕೆ ಸೂರ್ಯೋದಯಕ್ಕೆ ಮುಂಚೆ, ಸ್ಥಳೀಯ ಕಾಲ 6 ಗಂಟೆಯಿಂದ, 500 ವ್ಯಾಟ್ ಮೀರದ ಅನುಮತಿಯೂ ಇದೆ. ಹಗಲಿನ ಶಕ್ತಿಗೆ ಹಾರಿದ ನಿಲಯದ ಮೇಲೆ ಡಿ ಪದರ ಇನ್ನೂ ಎಳೆಯದಾಗಿದ್ದರೆ, ಪಶ್ಚಿಮಕ್ಕೆ ಕತ್ತಲಲ್ಲಿ ಕೂತವರಿಗೆ ಆ ಪೂರ್ವದ ನಿಲಯ ಕೆಲವು ನಿಮಿಷ ಧುತ್ತೆಂದು ಕೇಳುತ್ತದೆ. ಆ ಖಂಡದೊಳಗಿನ ಬೇಟೆಗೆ ಪಟ್ಟಿಯಲ್ಲಿ ಕಾಲು ಗಂಟೆಯ ಗೆರೆಗಳನ್ನೂ ಎಳೆದುಕೊಳ್ಳಬೇಕು. ಸಾಗರ ದಾಟುವುದಕ್ಕೆ ನಸುಕುಗೆರೆ ಅವರ ಮಾತೇ ಸರಿ.

ಲೂಪ್‌ಸುತ್ತು

ಡಯಲ್‌ನ ಯಾವ ತುದಿ ಎಂಬ ಪ್ರಶ್ನೆ ಹಾಗೇ ಉಳಿಯಿತು. ಡಿ ಪದರದ ಹೀರುವಿಕೆ ಕಡಿಮೆ ಫ್ರೀಕ್ವೆನ್ಸಿಯಲ್ಲಿ ಹೆಚ್ಚು. ಆದ್ದರಿಂದ ಸಾಮಾನ್ಯವಾಗಿ 531 ಕಿಲೋಹರ್ಟ್ಸ್‌ನ ತುದಿ ಮೊದಲು ಆರುತ್ತದೆ, 1600ರ ತುದಿ ಸೂರ್ಯೋದಯದ ನಂತರವೂ ಉಳಿಯುತ್ತದೆ. ಕೆಳಗಿನಿಂದ ಶುರು ಮಾಡಿ ಹೊತ್ತೇರಿದಂತೆ ಮೇಲೆ ಹೋಗಿ. ತದ್ವಿರುದ್ಧ ದಿನಗಳೂ ಇರುತ್ತವೆ, ಅದನ್ನು ಶಾಸನ ಅಂದುಕೊಳ್ಳಬೇಡಿ.

ಇನ್ನು ಲೂಪ್. 60 ಸೆಂ.ಮೀ. ಚೌಕಕ್ಕೆ, ಸುತ್ತುಗಳ ನಡುವೆ 6 ಮಿ.ಮೀ. ಬಿಟ್ಟು, 14 ಸುತ್ತು. ಇಂಡಕ್ಟನ್ಸ್ ಸುಮಾರು 250 ಮೈಕ್ರೊಹೆನ್ರಿ ಬರುತ್ತದೆ. ತಂತಿ 34 ಮೀಟರ್, ಜೋಡಣೆಗೆ ಸೇರಿಸಿ 36 ಇಟ್ಟುಕೊಳ್ಳಿ. 365 ಪಿಕೋಫ್ಯಾರಡ್‌ನ ಗಾಳಿ ಗ್ಯಾಂಗ್ ಕಂಡೆನ್ಸರ್ (ತಿರುಗಿಸಿ ಟ್ಯೂನ್ ಮಾಡುವಂಥದು) ಹಾಕಿದರೆ, ತಂತಿಗಳ ನಡುವಿನ ಬಿಡಿ ಕೆಪ್ಯಾಸಿಟನ್ಸ್ 15 ಪಿಕೋಫ್ಯಾರಡ್ ಎಂದು ಹಿಡಿದು, ಕೆಳತುದಿ 515 ಕಿಲೋಹರ್ಟ್ಸ್. ಮೇಲ್ತುದಿ 1700 ದಾಟುತ್ತದೆ. 1 ಮೀಟರ್ ಚೌಕ ಮಾಡುವ ಜಾಗ ಇದ್ದರೆ 9 ಸುತ್ತು, 230 ಮೈಕ್ರೊಹೆನ್ರಿ. ತಂತಿಯ ಉದ್ದ ಹೆಚ್ಚುಕಡಿಮೆ ಅಷ್ಟೇ, ವಿಸ್ತೀರ್ಣ ಸುಮಾರು 2.8 ಪಟ್ಟು. ನನ್ನ ಮತ ಕೇಳಿದರೆ ದೊಡ್ಡದೇ.

ಚೌಕಟ್ಟು ಒಣ ಮರದ್ದು ಅಥವಾ ಪಿವಿಸಿ ಪೈಪಿನದು ಇರಲಿ. ತಂತಿಗಳನ್ನು ಒತ್ತೊತ್ತಾಗಿ ಸುತ್ತಿದರೆ ಬಿಡಿ ಕೆಪ್ಯಾಸಿಟನ್ಸ್ ಏರಿ ಮೇಲ್ತುದಿ 1400ರಲ್ಲೇ ನಿಂತುಬಿಡಬಹುದು. ಅತಿ ಸಾಮಾನ್ಯ ಎಡವಟ್ಟು ಇದೇ. ಮೇಲ್ತುದಿ ಸಿಗದಿದ್ದರೆ ಒಂದು ಸುತ್ತು ಬಿಚ್ಚಿ, ಕೆಳತುದಿ ಸಿಗದಿದ್ದರೆ ಒಂದು ಸುತ್ತು ಸೇರಿಸಿ.

ಹೊಸಕಿವಿ

ಇದನ್ನು ಕೈ ರೇಡಿಯೊಗೆ ಸೇರಿಸುವುದು ಹೇಗೆ? ಹೊರಗಿನ ಆಂಟೆನಾ ಪಿನ್ನು ಎಫ್‌ಎಂ, ಶಾರ್ಟ್ ವೇವ್‌ಗೆ ಮಾತ್ರ. ಇನ್ನೊಂದು, ಸಿಗ್ನಲ್ ಇಳಿದಾಗ ಈ ರೇಡಿಯೊದ ಧ್ವನಿಯೇ ಪೂರ್ತಿ ಅಡಗುತ್ತದೆ. ಕೆಟ್ಟಿದೆಯೇ?

ಲೂಪ್‌ಸುತ್ತು

ಕೆಟ್ಟಿಲ್ಲ, ಅದು ಸಾಫ್ಟ್ ಮ್ಯೂಟ್. ಸಿಗ್ನಲ್ ಮತ್ತು ಗದ್ದಲದ ಅನುಪಾತ ಒಂದು ಮಿತಿಗಿಂತ ಇಳಿದರೆ ಚಿಪ್ಪು ತಾನೇ ಧ್ವನಿ ತಗ್ಗಿಸುತ್ತದೆ. ಹಾಡು ಕೇಳುವವರಿಗೆ ಸೌಖ್ಯ, ಡಿಎಕ್ಸ್ ಮಾಡುವವರಿಗೆ ಕಾಟ. ಲೂಪ್‌ನಿಂದ ಸಿಗ್ನಲ್ ಮಿತಿಯ ಮೇಲೆ ಬಂದರೆ ಕಾಟ ಬಹುಪಾಲು ತಪ್ಪುತ್ತದೆ.

ತಂತಿ ಸೇರಿಸುವ ಅಗತ್ಯವೇ ಇಲ್ಲ. ರೇಡಿಯೊದೊಳಗಿನ ಆಂಟೆನಾ ಆದ ಫೆರೈಟ್ ರಾಡ್ ಲೂಪ್‌ನ ಸಮತಲಕ್ಕೆ ಲಂಬವಾಗಿ, ಅಂದರೆ ಲೂಪ್‌ನ ಅಕ್ಷದ ಉದ್ದಕ್ಕೆ, ಇರುವಂತೆ ರೇಡಿಯೊವನ್ನು ಲೂಪ್ ಹತ್ತಿರ ಇಟ್ಟು ಗ್ಯಾಂಗ್ ತಿರುಗಿಸಿ. ಟ್ಯೂನ್ ಆದ ಕ್ಷಣ ಮೀಟರ್ ಜಿಗಿಯುತ್ತದೆ. ಬಹಳ ಹತ್ತಿರ ಇಟ್ಟರೆ ಲೂಪ್ ಮತ್ತು ರಾಡ್ ಒಂದನ್ನೊಂದು ಎಳೆದು ಟ್ಯೂನಿಂಗ್ ಸರಿಯುತ್ತದೆ, ರೇಡಿಯೊ ಸೀಟಿ ಹಾಕಬಹುದು. ಹಿಂದೆ ಮುಂದೆ ಸರಿಸಿ ಸರಿಯಾದ ಅಂತರ ಕಂಡುಕೊಳ್ಳಿ. ಆಂಟೆನಾ ಪಿನ್ನು ಇರುವ ದೊಡ್ಡ ರಿಸೀವರ್ ಆದರೆ ಚೌಕಟ್ಟಿನ ಒಳಬದಿಗೆ ಒಂದೇ ಒಂದು ಬೇರೆ ಸುತ್ತು ಹಾಕಿ, ಅದರ ಎರಡು ತುದಿ ಕೇಬಲ್‌ಗೆ.

ಲೂಪ್ ಚೆನ್ನಾಗಿದ್ದಷ್ಟೂ ಕಿಟಕಿ ಕಿರಿದು. 600 ಕಿಲೋಹರ್ಟ್ಸ್‌ನಲ್ಲಿ ಕ್ಯೂ (ಟ್ಯೂನಿಂಗ್ ಎಷ್ಟು ಚೂಪು ಎಂಬ ಅಳತೆ) 200 ಇದ್ದರೆ ಬ್ಯಾಂಡ್‌ವಿಡ್ತ್ ಬರೀ 3 ಕಿಲೋಹರ್ಟ್ಸ್. ಧ್ವನಿ ಮೊದ್ದಾಗುತ್ತದೆ, ಪ್ರತಿ ಚಾನೆಲ್‌ಗೂ ಮತ್ತೆ ಟ್ಯೂನ್ ಮಾಡಬೇಕು.

ಲೂಪ್‌ನ ನಿಜವಾದ ಬೆಲೆ ಜೋರು ಮಾಡುವುದರಲ್ಲಿ ಇಲ್ಲ, ಬೇಡದ್ದನ್ನು ಅಳಿಸುವುದರಲ್ಲಿದೆ. ಅಂಚು ನಿಲಯದ ಕಡೆಗಿದ್ದರೆ ಅತಿ ಜೋರು, ಮುಖ ನಿಲಯದ ಕಡೆಗಿದ್ದರೆ ಶೂನ್ಯ. ಜೋರಿನ ಭಾಗ ಅಗಲ, ಶೂನ್ಯ ಕೂದಲೆಳೆಯಷ್ಟು ಕಿರಿದು. ಆದ್ದರಿಂದ ಬೇಕಾದ ನಿಲಯಕ್ಕೆ ತಿರುಗಿಸುವುದಕ್ಕಿಂತ ಬೇಡದ ನಿಲಯವನ್ನು ಶೂನ್ಯಕ್ಕೆ ಕೂರಿಸಿ. ಹತ್ತಿರದ ನಿಲಯದ ನೆಲದಲೆ (ನೆಲಕ್ಕಂಟಿಕೊಂಡೇ ಬರುವ ಸಿಗ್ನಲ್) ಸ್ಥಿರವಾಗಿರುವುದರಿಂದ ಆಳವಾದ ಶೂನ್ಯ ಸಿಗುತ್ತದೆ. ಆಕಾಶದಿಂದ ಇಳಿಯುವ ಸಿಗ್ನಲ್‌ನ ಕೋನ ಕ್ಷಣಕ್ಷಣಕ್ಕೂ ಅಲುಗುತ್ತದೆ, ಅಲ್ಲಿ ಶೂನ್ಯ ಮಸುಕು. ಲೂಪನ್ನು ಕೆಲವು ಡಿಗ್ರಿ ಹಿಂದಕ್ಕೋ ಮುಂದಕ್ಕೋ ಓರೆ ಮಾಡಿದರೆ ಸ್ವಲ್ಪ ಸುಧಾರಿಸುತ್ತದೆ. ಕಿಟಕಿಯ ಕಬ್ಬಿಣದ ಸರಳು, ನೀರಿನ ಪೈಪು, ಗೋಡೆಯೊಳಗಿನ ವೈರಿಂಗ್ ಹತ್ತಿರ ಶೂನ್ಯ ಕೆಡುತ್ತದೆ. ಒಂದೆರಡು ಮೀಟರ್ ದೂರವಾದರೂ ಇರಲಿ.

ಉದ್ದತಂತಿ

ಲೂಪ್ ಒಳ್ಳೆಯದೇ. ಆದರೆ ಅದಕ್ಕೆ ಮುಂದೆ ಯಾವುದು, ಹಿಂದೆ ಯಾವುದು ಗೊತ್ತಾಗುವುದಿಲ್ಲ, ಎರಡೂ ಕಡೆ ಸಮ. ಬೆಳಿಗ್ಗೆ ಪಶ್ಚಿಮ ಬೇಕು, ಪೂರ್ವ ಬೇಡ ಅನ್ನುವುದಕ್ಕೆ ಒಂದೇ ಕಡೆ ಕೇಳುವ ಆಂಟೆನಾ ಬೇಕು.

ಜಾಗ ಇದ್ದರೆ ಬೆವರೇಜ್ ಎಂಬ ಉದ್ದತಂತಿಯ ಆಂಟೆನಾ. ಹೆರಾಲ್ಡ್ ಬೆವರೇಜ್ 1921ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ, ಇವತ್ತಿಗೂ ಇದನ್ನು ಮೀರಿಸಿದ್ದು ಕಡಿಮೆ. ನೆಲದಿಂದ 2–3 ಮೀಟರ್ ಎತ್ತರದಲ್ಲಿ, ಬೇಕಾದ ದಿಕ್ಕಿಗೆ ನೇರವಾಗಿ ಎಳೆದ ತಂತಿ. ಉದ್ದ ಕನಿಷ್ಠ ಒಂದು ತರಂಗಾಂತರ ಇರಲಿ. 1000 ಕಿಲೋಹರ್ಟ್ಸ್‌ಗೆ ಅದು 300 ಮೀಟರ್. ನಿಲಯದ ಕಡೆಯ ತುದಿಯಲ್ಲಿ ಸುಮಾರು 450 ಓಮ್ ರೆಸಿಸ್ಟರ್ ಮೂಲಕ ಭೂಮಿಗೆ, ರಿಸೀವರ್ ಕಡೆಯ ತುದಿಯಲ್ಲಿ ಆ 450 ಓಮನ್ನು ಕೇಬಲ್‌ನ 50 ಓಮ್‌ಗೆ ಇಳಿಸುವ 9:1 ಟ್ರಾನ್ಸ್‌ಫಾರ್ಮರ್. ರೆಸಿಸ್ಟರ್ ಇಂಗಾಲದ್ದಿರಲಿ. ತಂತಿ ಸುತ್ತಿದ ವೈರ್‌ವೌಂಡ್ ಹಾಕಿದರೆ ಅದು ತಾನೇ ಒಂದು ಕಾಯಿಲ್ ಆಗಿ ಎಲ್ಲ ಕೆಡಿಸುತ್ತದೆ. ಒಣ ಮಣ್ಣಿನಲ್ಲಿ ಒಂದು ಮೀಟರ್ ಉದ್ದದ ಒಂದೇ ಸಲಾಕೆ ಸಾಲದು; ಎರಡು ಮೂರು ಹುಗಿದು ಸೇರಿಸಿ. ಭೂಮಿ ಸರಿಯಿಲ್ಲದಿದ್ದರೆ ಹಿಂದಿನಿಂದಲೂ ಕೇಳಲು ಶುರುವಾಗುತ್ತದೆ, ಇಡೀ ಉದ್ದೇಶವೇ ಹೋಯಿತು.

ಟ್ರಾನ್ಸ್‌ಫಾರ್ಮರ್ ವಿಷಯದಲ್ಲಿ ಎಚ್ಚರ. ಬಿಎನ್-73-202 ಜೋಡಿಗಣ್ಣಿನ ಕೋರ್ ಮೇಲೆ 2 ಸುತ್ತು, 6 ಸುತ್ತು ಎಂದು ಎಲ್ಲೆಡೆ ಬರೆದಿರುತ್ತದೆ. ಅದು ಹವ್ಯಾಸಿ ರೇಡಿಯೊದ 1.8 ಮೆಗಾಹರ್ಟ್ಸ್‌ಗೆ ಸರಿ. 530 ಕಿಲೋಹರ್ಟ್ಸ್‌ನಲ್ಲಿ 2 ಸುತ್ತಿನ ರಿಯಾಕ್ಟನ್ಸ್ ಬರೀ 110 ಓಮ್ ಚಿಲ್ಲರೆ, 50 ಓಮ್ ಕೇಬಲ್‌ಗೆ ಸಾಲದು. 3 ಸುತ್ತು, 9 ಸುತ್ತು ಹಾಕಿದರೆ 250 ಓಮ್ ದಾಟುತ್ತದೆ. ಎರಡು ಸುರುಳಿಗಳನ್ನು ಒಂದಕ್ಕೊಂದು ತಾಗಿಸಬೇಡಿ. ಕೇಬಲ್‌ನ ಹೊರಜಾಲರಿ ಆಂಟೆನಾದ ಭೂಮಿಗೆ ಸೇರಿದರೆ ಮನೆಯ ಗದ್ದಲವೆಲ್ಲ ಜಾಲರಿಯ ಮೇಲೆ ನಡೆದು ಆಂಟೆನಾ ಸೇರುತ್ತದೆ.

300 ಮೀಟರ್ ಎಲ್ಲಿಂದ ತರುವುದು ಅನ್ನುವವರಿಗೆ ಫ್ಲ್ಯಾಗ್ ಎಂಬ ಆಂಟೆನಾ: 4.3 ಮೀಟರ್ ಎತ್ತರ, 8.8 ಮೀಟರ್ ಅಗಲದ ಆಯತ, ಒಂದು ಕಡೆ ಸುಮಾರು 950 ಓಮ್ ರೆಸಿಸ್ಟರ್, ಎದುರು ಕಡೆ ಫೀಡ್ (ಕೇಬಲ್ ಸೇರುವ ಜಾಗ). ಭೂಮಿ ಬೇಡ. ಟ್ರಾನ್ಸ್‌ಫಾರ್ಮರ್ 3 ಸುತ್ತು, 13 ಸುತ್ತು. ಇಲ್ಲಿ ದಿಕ್ಕು ಬೆವರೇಜ್‌ಗೆ ಉಲ್ಟಾ. ಬೆವರೇಜ್ ಕೇಳುವುದು ರೆಸಿಸ್ಟರ್ ಇರುವ ಕಡೆಯಿಂದ, ಫ್ಲ್ಯಾಗ್ ಕೇಳುವುದು ಫೀಡ್ ಇರುವ ಕಡೆಯಿಂದ. ಪಶ್ಚಿಮ ಬೇಕಿದ್ದರೆ ಫ್ಲ್ಯಾಗ್‌ನ ಫೀಡ್ ಪಶ್ಚಿಮಕ್ಕೆ, ರೆಸಿಸ್ಟರ್ ಪೂರ್ವಕ್ಕೆ. ಇದು ತಿರುವುಮುರುವಾದರೆ ಬೆಳಗಾನ ಪೂರ್ವವನ್ನೇ ಕೇಳುತ್ತ ಕೂರುತ್ತೀರಿ ಮಾರಾಯ್ರೆ.

ಕರೆಂಟ್ ತಂತಿಯ ಕೆಳಗೆ, ಮೇಲೆ, ಪಕ್ಕದಲ್ಲಿ ಎಲ್ಲೂ ಎಳೆಯಬೇಡಿ. ಗುಡುಗಿನ ದಿನ ಕೇಬಲ್ ಬಿಚ್ಚಿ ಹೊರಗಿಡಿ.

ಲೂಪ್‌ಸುತ್ತು

ಒಪ್ಪಿದೆ, ಒಂದು ಷರಾ. ಫ್ಲ್ಯಾಗ್ ಕೊಡುವ ಸಿಗ್ನಲ್ ಬಹಳ ಕ್ಷೀಣ. ಒಳ್ಳೆಯ ಪ್ರೀಆಂಪ್ (ಸಿಗ್ನಲ್ ಹಿಗ್ಗಿಸುವ ಸಾಧನ) ಇಲ್ಲದೆ, ವಿಶೇಷವಾಗಿ 531ರ ತುದಿಯಲ್ಲಿ, ರಿಸೀವರ್‌ನ ಸ್ವಂತ ಗದ್ದಲವೇ ಮೇಲಾಗುತ್ತದೆ. ಕೈ ರೇಡಿಯೊ ಇರುವವರಿಗೆ ಅದು ಮೊದಲ ಹೆಜ್ಜೆ ಆಗಬಾರದು.

ಜಲಪಾತ

ಆಂಟೆನಾಕ್ಕಿಂತ ಮುಂಚೆ ಗದ್ದಲ. ರೇಡಿಯೊ ಬ್ಯಾಟರಿಯ ಮೇಲೆ ಹಾಕಿ, ಮನೆಯ ಮೇನ್ ಸ್ವಿಚ್ ಆರಿಸಿ ನೋಡಿ. ಕರಕರ ಇಳಿದರೆ ಕಳ್ಳ ಮನೆಯೊಳಗೇ ಇದ್ದಾನೆ. ಒಂದೊಂದೇ ಸರ್ಕ್ಯೂಟ್ ಹಾಕುತ್ತ ಬಂದರೆ ಸಿಕ್ಕಿಬೀಳುತ್ತಾನೆ: ಮೊಬೈಲ್ ಚಾರ್ಜರ್, ಎಲ್‌ಇಡಿ ದೀಪದ ಡ್ರೈವರ್, ಟಿವಿ, ಸೋಲಾರ್ ಇನ್ವರ್ಟರ್. ಸೋಲಾರ್ ಇನ್ವರ್ಟರ್ ಬೆಳಕಾದ ಮೇಲೇ ಏಳುವುದು, ಸರಿಯಾಗಿ ನಿಮ್ಮ ಒಳ್ಳೆಯ ಗಳಿಗೆಗೆ ಕೈ ಕೊಡುತ್ತದೆ.

ಕೇಬಲ್ ಮೇಲೆ ನಡೆದು ಬರುವ ಗದ್ದಲಕ್ಕೆ ಫೆರೈಟ್ ಉಂಗುರದಲ್ಲಿ ಕೇಬಲನ್ನೇ 10–14 ಸುತ್ತು ಹಾಕಿ. ಫೆರೈಟ್‌ನ ಮಿಶ್ರಣ ಸಂಖ್ಯೆ 31 ಆಗಬಹುದು, 73 ಅಥವಾ 75 ಇನ್ನೂ ವಾಸಿ. ಶಾರ್ಟ್ ವೇವ್‌ಗೆಂದು ಜನ ಬಳಸುವ 43 ಮೀಡಿಯಂ ವೇವ್‌ನಲ್ಲಿ ಅಷ್ಟಕ್ಕಷ್ಟೆ. ಕೇಬಲ್ ಮೇಲೆ ಒಂದೇ ಸಲ ಕಚ್ಚಿಸುವ ಫೆರೈಟ್ ಮಣಿ ಇಲ್ಲಿ ದಂಡ.

ಕೊನೆಯ ಹದಿನೈದು ನಿಮಿಷದಲ್ಲಿ ಒಂದು ಕಿವಿಗೆ ಒಂದೇ ಚಾನೆಲ್ ಕೇಳಲು ಸಾಧ್ಯ. ಎಸ್‌ಡಿಆರ್ (ಕಂಪ್ಯೂಟರ್ ತಂತ್ರಾಂಶದಿಂದ ನಡೆಯುವ ರಿಸೀವರ್) ಇದ್ದರೆ ಇಡೀ ಬ್ಯಾಂಡನ್ನೇ ದಾಖಲಿಸಿಟ್ಟು ಆಮೇಲೆ ನಿಧಾನವಾಗಿ ಅಗೆಯಬಹುದು. 16 ಬಿಟ್, ಸೆಕೆಂಡಿಗೆ 20 ಲಕ್ಷ ಸ್ಯಾಂಪಲ್ ಆದರೆ ನಿಮಿಷಕ್ಕೆ 480 ಎಂಬಿ, ಗಂಟೆಗೆ ಸುಮಾರು 29 ಜಿಬಿ. ಡಿಸ್ಕ್ ಎಫ್‌ಎಟಿ32 ಆಗಿದ್ದರೆ 4 ಜಿಬಿಗೆ ಫೈಲ್ ಕಡಿದುಹೋಗುತ್ತದೆ, ಮೊದಲೇ ಬದಲಿಸಿ. ಏರ್‌ಸ್ಪೈ ಎಚ್‌ಎಫ್ ಪ್ಲಸ್ ಡಿಸ್ಕವರಿ ರಿಸೀವರ್ ಒಳ್ಳೆಯದು, ಆದರೆ ಸೆಕೆಂಡಿಗೆ 768 ಸಾವಿರ ಸ್ಯಾಂಪಲ್‌ನಲ್ಲಿ ಅದರ ಶುದ್ಧ ಅಗಲ ಸುಮಾರು 660 ಕಿಲೋಹರ್ಟ್ಸ್. 531ರಿಂದ 1602 ಒಂದೇ ಸಲ ಹಿಡಿಯುವುದಿಲ್ಲ, ಅರ್ಧ ಆರಿಸಿಕೊಳ್ಳಬೇಕು. ಜಾಗ ಉಳಿಸುವವರು ಪ್ರತಿ ಗಂಟೆ, ಅರ್ಧ ಗಂಟೆಯ ಎರಡು ನಿಮಿಷ ಮುಂಚಿನಿಂದ ಎರಡು ನಿಮಿಷ ನಂತರದವರೆಗೆ ಮಾತ್ರ ದಾಖಲಿಸಲಿ. ನಿಲಯಗಳು ತಮ್ಮ ಹೆಸರು ಹೇಳುವುದು ಹೆಚ್ಚಾಗಿ ಆಗಲೇ.

ಸಿಳ್ಳೆಬೇಟೆ

ಈಗ ಅಂಕಗಣಿತ. ಅಮೆರಿಕ ಖಂಡಗಳಲ್ಲಿ ಚಾನೆಲ್ ಅಂತರ 10 ಕಿಲೋಹರ್ಟ್ಸ್, ಉಳಿದ ಜಗತ್ತಿನಲ್ಲಿ 9. ಸಾಗರ ದಾಟಿ ಬರುವ ನಿಲಯ ನಿಮ್ಮ ಸ್ಥಳೀಯ ಚಾನೆಲ್‌ಗಳ ನಡುವೆ ಬೀಳುತ್ತದೆ, ಬೇಟೆಗೆ ಇದೇ ಬಾಗಿಲು. ಎರಡೂ ಒಂದಾಗುವುದು 90ರ ಗುಣಕಗಳಲ್ಲಿ ಮಾತ್ರ: 540, 630, 720, 810, ಹೀಗೆ 1530ರವರೆಗೆ. ಅವನ್ನು ಮೊದಲಿಗೆ ಬಿಟ್ಟುಬಿಡಿ.

ಮೊದಲ ಸುಳಿವು ಸಿಳ್ಳೆ. 972ರಲ್ಲಿ ದಕ್ಷಿಣ ಕೊರಿಯದ ಎಚ್‌ಎಲ್‌ಸಿಎ ಇದೆ, 1500 ಕಿಲೋವ್ಯಾಟ್. ಅದು ಅಮೆರಿಕದಲ್ಲಿ ಏಳುತ್ತಿದ್ದರೆ 970ರ ನಿಲಯದ ಮೇಲೆ 2 ಕಿಲೋಹರ್ಟ್ಸ್‌ನ ಸಣ್ಣ ಸಿಳ್ಳೆ ಬರುತ್ತದೆ, ಮಾತು ಕೇಳುವ ಎಷ್ಟೋ ಮುಂಚೆ. ಎಸ್‌ಎಸ್‌ಬಿ ಹಾಕಿ 972ಕ್ಕೆ ನಿಂತು, ಸಿಳ್ಳೆ ಇಳಿದಿಳಿದು ಸೊನ್ನೆಯಾಗುವಂತೆ ಟ್ಯೂನ್ ಮಾಡಿ. ಆಮೇಲೆ ಯಾವ ಸೈಡ್‌ಬ್ಯಾಂಡ್ (ನಿಲಯದ ಫ್ರೀಕ್ವೆನ್ಸಿಯ ಮೇಲಿನ ಪಕ್ಕವೋ ಕೆಳಗಿನ ಪಕ್ಕವೋ) ಎಂಬ ಆಯ್ಕೆ. 970 ಎರಡೇ ಕಿಲೋಹರ್ಟ್ಸ್ ಕೆಳಗೆ, 980 ಎಂಟು ಮೇಲೆ, ಆದ್ದರಿಂದ ಮೇಲಿನ ಸೈಡ್‌ಬ್ಯಾಂಡ್. ಜೆಜು ದ್ವೀಪದ 1566, ಎಚ್‌ಎಲ್‌ಎಝಡ್, 250 ಕಿಲೋವ್ಯಾಟ್: 1570 ನಾಲ್ಕು ಮೇಲೆ, 1560 ಆರು ಕೆಳಗೆ, ಆದ್ದರಿಂದ ಕೆಳಗಿನದು. ಟೋಕಿಯೊದ ಜೆಒಎಕೆ 594, 300 ಕಿಲೋವ್ಯಾಟ್: 590 ನಾಲ್ಕು ಕೆಳಗೆ, ಮೇಲಿನದು. ಯುರೋಪಿನಲ್ಲಿ ಕೂತು ಬಾಸ್ಟನ್‌ನ ಡಬ್ಲ್ಯುಬಿಝಡ್ 1030 ಹುಡುಕುವವರಿಗೆ 1026 ಮತ್ತು 1035 ಎರಡೂ ಹೆಚ್ಚುಕಡಿಮೆ ಸಮದೂರ. ಆ ಹೊತ್ತಿಗೆ ಯಾವುದು ಜೋರಿದೆಯೋ ಅದರ ಎದುರಿನ ಸೈಡ್‌ಬ್ಯಾಂಡ್ ಹಿಡಿಯಬೇಕು. ಫಿಲ್ಟರ್ 2.5 ಕಿಲೋಹರ್ಟ್ಸ್‌ಗಿಂತ ಅಗಲ ಬೇಡ.

ಒಂದೇ ಖಂಡದ ಇನ್ನೊಂದು ನಿಲಯ ಅದೇ ಚಾನೆಲ್‌ನಲ್ಲಿದ್ದರೆ ಸೈಡ್‌ಬ್ಯಾಂಡ್ ಏನೂ ಮಾಡಲಾರದು. ಅಲ್ಲಿ ಲೂಪ್‌ನ ಶೂನ್ಯವೇ ಗತಿ.

ಹೊಸಕಿವಿ

ಸಿಳ್ಳೆ ಸಿಕ್ಕಿತು, ಮಾತೂ ಕೇಳಿತು, ಭಾಷೆ ಗೊತ್ತಿಲ್ಲ ಅಂದುಕೊಳ್ಳಿ. ಯಾವ ನಿಲಯ ಅಂತ ಖಾತ್ರಿ ಮಾಡುವುದು ಹೇಗೆ?

ಜಲಪಾತ

ಗಂಟೆಯ ಗಳಿಗೆಗೆ ಕಾಯಿರಿ. ಬಿಬಿಸಿಯ ಪಿಪ್ಸ್ (ಗಂಟೆ ಸೂಚಿಸುವ ಸದ್ದುಗಳು) ಐದು ಗಿಡ್ಡ, ಒಂದು ಉದ್ದ. ಜಪಾನಿನ ಎನ್‌ಎಚ್‌ಕೆಯದು ಮೂರು ತಗ್ಗು ಪಿಪ್, 440 ಹರ್ಟ್ಸ್, ಆಮೇಲೆ 880 ಹರ್ಟ್ಸ್‌ನ ಎಳೆದ ನಾದ. ಗದ್ದಲದಲ್ಲಿ ಮಾತು ಮುಳುಗಿದರೂ ಈ ನಾದ ಎಸ್‌ಡಿಆರ್ ಪರದೆಯ ಮೇಲೆ ಗೆರೆಯಾಗಿ ಎದ್ದು ಕಾಣುತ್ತದೆ. ಅಮೆರಿಕದ ನಿಲಯಗಳು ಪ್ರತಿ ಗಂಟೆಯ ಆಸುಪಾಸಿನಲ್ಲಿ ಕರೆಸಂಕೇತ ಮತ್ತು ಪರವಾನಗಿಯ ಊರಿನ ಹೆಸರು ಹೇಳಲೇಬೇಕು, ಕಾನೂನು. ಮಿಸಿಸಿಪ್ಪಿ ನದಿಯ ಪೂರ್ವಕ್ಕೆ ಹೆಚ್ಚಾಗಿ ಡಬ್ಲ್ಯು, ಪಶ್ಚಿಮಕ್ಕೆ ಕೆ. ನಿಮ್ಮ ಕಂಪ್ಯೂಟರ್ ಗಡಿಯಾರವನ್ನು ಇಂಟರ್ನೆಟ್ ಕಾಲಕ್ಕೆ ಹೊಂದಿಸಿರಿ. ನಿಮಿಷ ತಪ್ಪಿದರೆ ಪಿಪ್ಸ್ ಯಾರದೆಂದು ಹೇಳಲಾಗದು.

ಎರಡನೆಯ ದಾರಿ ಸಮಾನಾಂತರ. ಒಂದೇ ಜಾಲದ ಇನ್ನೊಂದು ಫ್ರೀಕ್ವೆನ್ಸಿಯಲ್ಲಿ ಅದೇ ಮಾತು ಬರುತ್ತಿದೆಯೇ ನೋಡಿ. ನಿಲಯದ ಆನ್‌ಲೈನ್ ಸ್ಟ್ರೀಮ್ ಜೊತೆಗೂ ಹೋಲಿಸಬಹುದು, ಆದರೆ ಸ್ಟ್ರೀಮ್ ಅರ್ಧ ನಿಮಿಷದಿಂದ ಒಂದು ನಿಮಿಷ ತಡವಾಗಿ ಬರುವುದು ಸಾಮಾನ್ಯ. ಒಟ್ಟಿಗೇ ಕೇಳಲಿಲ್ಲ ಎಂದು ಬೇಗ ಕೈಬಿಡಬೇಡಿ.

ಮೂರನೆಯದು ಕ್ಯಾರಿಯರ್ (ಧ್ವನಿಯನ್ನು ಹೊತ್ತು ತರುವ ಮೂಲ ಅಲೆ) ಅಳೆಯುವುದು. ಯಾವ ನಿಲಯವೂ ಹೇಳಿದ ಫ್ರೀಕ್ವೆನ್ಸಿಯಲ್ಲಿ ಕರಾರುವಾಕ್ಕಾಗಿ ನಿಲ್ಲುವುದಿಲ್ಲ. ಅಮೆರಿಕದ ನಿಯಮವೇ 20 ಹರ್ಟ್ಸ್ ಆಚೀಚೆ ಬಿಡುತ್ತದೆ. ಒಂದೇ ಚಾನೆಲ್‌ನ ನಿಲಯಗಳು ಪರದೆಯ ಮೇಲೆ ಬೇರೆ ಬೇರೆ ಗೆರೆಗಳಾಗಿ ಕಾಣುತ್ತವೆ, ಪ್ರತಿಯೊಂದೂ ತನ್ನ ಜಾಗ ಬಿಟ್ಟು ಬೇಗ ಕದಲುವುದಿಲ್ಲ. 0.1 ಹರ್ಟ್ಸ್ ಬಿಡಿಸಿ ನೋಡಲು ಕನಿಷ್ಠ 10 ಸೆಕೆಂಡಿನ ಸಿಗ್ನಲ್ ಬೇಕು. ನಿಮ್ಮ ರಿಸೀವರ್ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದ್ದರೂ 1000 ಕಿಲೋಹರ್ಟ್ಸ್‌ನಲ್ಲಿ 1 ಹರ್ಟ್ಸ್ ತಪ್ಪು, ಆದ್ದರಿಂದ ಮೊದಲು ಅದನ್ನು ಒಂದು ಪ್ರಮಾಣ ಸಿಗ್ನಲ್‌ಗೆ ಸರಿಹೊಂದಿಸಿ. ಯಾವ ಗೆರೆ ಯಾವ ನಿಮಿಷಕ್ಕೆ ಆರಿತು ಎಂಬುದೂ ಸಾಕ್ಷಿ: ಪೂರ್ವದ್ದು ಮೊದಲು ಆರಬೇಕು. ಇದೆಲ್ಲ ಸುಳಿವು ಮಾತ್ರ. ಲಾಗ್‌ನಲ್ಲಿ ಬರೆಯಲು ಹೆಸರೋ ಪಿಪ್ಸೋ ಸಮಾನಾಂತರವೋ ಬೇಕೇ ಬೇಕು.

ಸಿಳ್ಳೆಬೇಟೆ

ಅದು ನಿಜವಾಗಿ ಆ ಫ್ರೀಕ್ವೆನ್ಸಿಯಲ್ಲೇ ಇದೆಯೇ ಎಂಬುದನ್ನೂ ನೋಡಬೇಕು. ಹತ್ತಿರದಲ್ಲಿ 700 ಮತ್ತು 800ರಲ್ಲಿ ಎರಡು ಜೋರು ನಿಲಯಗಳಿದ್ದರೆ ರಿಸೀವರ್ ತಾನೇ 600, 900, 1500ರಲ್ಲಿ ಭೂತಗಳನ್ನು ಹುಟ್ಟಿಸುತ್ತದೆ. ಪರೀಕ್ಷೆ ಸುಲಭ: 10 ಡೆಸಿಬೆಲ್ ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸುವ ಸಾಧನ) ಹಾಕಿ. ಸಿಗ್ನಲ್ 10 ಇಳಿದರೆ ಅಸಲಿ. 20 ಅಥವಾ 30 ಇಳಿದರೆ ಭೂತ. ಹಳೆಯ 455 ಕಿಲೋಹರ್ಟ್ಸ್ ಐಎಫ್ (ಒಳಗಿನ ಮಧ್ಯಂತರ ಫ್ರೀಕ್ವೆನ್ಸಿ) ರೇಡಿಯೊಗಳಲ್ಲಿ ಇಮೇಜ್ ಕಾಟ ಬೇರೆ: 600ರಲ್ಲಿ ನಿಂತಾಗ ಐಎಫ್‌ನ ಎರಡರಷ್ಟು, ಅಂದರೆ 910, ಮೇಲಿರುವ 1510ರ ನಿಲಯ ಇಣುಕುತ್ತದೆ.

ನಸುಕುಗೆರೆ

ಯಾವ ದಿನ ಬೇಗ ಏಳಬೇಕು ಎಂಬುದಕ್ಕೆ ಕೆ ಸೂಚ್ಯಂಕ (ಭೂಮಿಯ ಕಾಂತಕ್ಷೇತ್ರ ಎಷ್ಟು ಕದಡಿದೆ ಎಂಬ ಅಳತೆ) ನೋಡಿ. 0ಯಿಂದ 9ರವರೆಗಿನ ಅಳತೆ. ಮೂರು ನಾಲ್ಕು ದಿನ ಸತತ 0 ಅಥವಾ 1 ಇದ್ದರೆ ಧ್ರುವದ ಹತ್ತಿರ ಹಾದುಬರುವ ದಾರಿಗಳು ತೆರೆಯುತ್ತವೆ. 4 ದಾಟಿದರೆ ಧ್ರುವಪ್ರಭೆಯ ವಲಯ ಆ ದಾರಿಗಳನ್ನು ಹೀರಿಬಿಡುತ್ತದೆ. ಆ ದಿನ ಮಲಗಬೇಕಾಗಿಲ್ಲ. ಉತ್ತರದ ಗುಂಪು ಅಡಗಿದ್ದರಿಂದ ಭೂಮಧ್ಯರೇಖೆಯ ಕಡೆಯ ನಿಲಯಗಳಿಗೆ ಚಾನೆಲ್ ಖಾಲಿ ಸಿಗುತ್ತದೆ. ಒಂದೇ ಗೋಳಾರ್ಧದೊಳಗಿನ ದಾರಿಗೆ ಆಯಾ ಕಡೆಯ ಚಳಿಗಾಲ, ಭೂಮಧ್ಯರೇಖೆ ದಾಟುವ ದಾರಿಗೆ ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸು ಒಳ್ಳೆಯದು.

ಹೊಸಕಿವಿ

ಎಲ್ಲರಿಗೂ ವಂದನೆ. ಕೊನೆಯದೊಂದು: 365ರ ಗಾಳಿ ಗ್ಯಾಂಗ್ ಎಲ್ಲೂ ಸಿಗುತ್ತಿಲ್ಲ. ಟ್ರಾನ್ಸಿಸ್ಟರ್ ರೇಡಿಯೊದ ಪ್ಲಾಸ್ಟಿಕ್ ಗ್ಯಾಂಗ್ ಇದೆ, 140 ಮತ್ತು 60 ಪಿಕೋಫ್ಯಾರಡ್‌ನದು. ಆಗುತ್ತದೆಯೇ?

ಲೂಪ್‌ಸುತ್ತು

ಆಗುತ್ತದೆ. ಎರಡು ವಿಭಾಗ ಸೇರಿಸಿ 200 ಮಾಡಿ. ಅದೇ 14 ಸುತ್ತಿಗೆ ಇದು ಸುಮಾರು 685 ಕಿಲೋಹರ್ಟ್ಸ್‌ನಿಂದ ಬ್ಯಾಂಡಿನ ಮೇಲ್ತುದಿಯವರೆಗೆ ಹಿಡಿಯುತ್ತದೆ. ಕೆಳಭಾಗಕ್ಕೆ ಒಂದು 180 ಪಿಕೋಫ್ಯಾರಡ್ ಕಂಡೆನ್ಸರನ್ನು ಸಣ್ಣ ಸ್ವಿಚ್ ಮೂಲಕ ಸಮಾನಾಂತರವಾಗಿ ಹಾಕಿ. ಸ್ವಿಚ್ ಒತ್ತಿದಾಗ ವ್ಯಾಪ್ತಿ 505ರಿಂದ 700. ನಡುವೆ ಹತ್ತು ಹದಿನೈದು ಕಿಲೋಹರ್ಟ್ಸ್ ಎರಡರಲ್ಲೂ ಬರುತ್ತದೆ, ಕಂದಕ ಉಳಿಯುವುದಿಲ್ಲ. ಆ 180ಕ್ಕೆ ಮೈಕಾ ಅಥವಾ ಪಾಲಿಸ್ಟೈರೀನ್ ಹಾಕಿ. ಅಗ್ಗದ ಸೆರಾಮಿಕ್ ಬಿಲ್ಲೆ ಹಾಕಿದರೆ ಕ್ಯೂ ಬಿದ್ದು, ಕೆಳಭಾಗದಲ್ಲಿ ಮೀಟರ್ ಜಿಗಿಯುವುದೇ ಇಲ್ಲ. ಗ್ಯಾಂಗ್‌ನ ಸಾಮಾನ್ಯ ಕಾಲು, ಅಂದರೆ ತಿರುಗಿಸುವ ಕಡ್ಡಿಗೆ ಸೇರಿದ್ದು, ಲೂಪ್‌ನ ಯಾವ ತುದಿಗಾದರೂ ಸರಿ. ಕಡ್ಡಿಗೆ ಉದ್ದನೆಯ ಪ್ಲಾಸ್ಟಿಕ್ ಗುಬ್ಬಿ ಹಾಕಿ, ಇಲ್ಲದಿದ್ದರೆ ಕೈ ತೆಗೆದ ಕೂಡಲೇ ಟ್ಯೂನಿಂಗ್ ಸರಿಯುತ್ತದೆ.